ರಿಪೋರ್ಟ್ ನಾರ್ಮಲ್, ಕರುಳು ಅಲ್ಲ

ಒಂದೇ ಒಂದು ರಕ್ತಪರೀಕ್ಷೆಯ ಕಾಗದ ನೋಡಿ ಒಬ್ಬರಿಗೆ ಹುಷಾರಿಲ್ಲ ಅನ್ನೋದು ನಿಜವೋ ನೆಪವೋ ಅಂತ ತೀರ್ಮಾನಿಸುವ ಅಭ್ಯಾಸ ನಮ್ಮ ಕಾಲೇಜುಗಳಲ್ಲಿ ನಿಲ್ಲಬೇಕು. ನಾವು ಹೇಳಬೇಕು ಅಂತಿರೋದು ಇಷ್ಟೇ. ಆದರೆ ಇಷ್ಟನ್ನೇ ಹೇಳಿ ಸುಮ್ಮನಾದರೆ "ಹಾಗಾದರೆ ಪ್ರೂಫ್ ಏನು?" ಅಂತ ಕೇಳ್ತಾರೆ. ಪ್ರೂಫ್ ಅಂದರೆ ಏನು, ರಕ್ತದಲ್ಲಿ ಅಳೆಯುವ ಆ ನಂಬರು ನಿಜವಾಗಿ ಏನನ್ನು ಅಳೆಯುತ್ತೆ ಅಂತ ನೋಡೋದು ಇಂಜಿನಿಯರಿಂಗ್ ಓದೋರಿಗೆ ಕಷ್ಟವೇನಲ್ಲ. ಮೂರನೇ ಸೆಮ್‌ನಲ್ಲೇ ಸೆನ್ಸರ್, ಎರರ್, ಕ್ಯಾಲಿಬ್ರೇಷನ್ ಅಂತ ಪುಟಗಟ್ಟಲೆ ಬರೆದವರು ನಾವು.

ವಿಷಯ ಬಂದದ್ದು ಹೀಗೆ. ನಮ್ಮ ಜೊತೆ ಓದುವ ಗೆಳೆಯನೊಬ್ಬನ ಊರು ಮರಳವಾಡಿ ಹತ್ತಿರ. ಅವನಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡಕರುಳಿನ ಒಳಪದರದಲ್ಲಿ ಹುಣ್ಣಾಗುವ ಕಾಯಿಲೆ. ಕಳೆದ ಸೆಮಿಸ್ಟರ್‌ನಲ್ಲಿ ಕಾಯಿಲೆ ಕೆರಳಿ ದಿನಕ್ಕೆ ಏಳೆಂಟು ಸಲ ರಕ್ತ ಬೆರೆತ ಭೇದಿ. ಹಾಜರಿ ಕುಸಿಯಿತು. ವಿಟಿಯು ನಿಯಮದಲ್ಲಿ ಪ್ರತಿ ವಿಷಯಕ್ಕೂ ಶೇ. 85 ಹಾಜರಿ ಬೇಕು ಅನ್ನೋದು ನಿಮಗೆಲ್ಲ ಗೊತ್ತು. ವೈದ್ಯಕೀಯ ಕಾರಣ ಇದ್ದರೆ ಸ್ವಲ್ಪ ವಿನಾಯಿತಿ ಸಿಗುತ್ತೆ. ಅರ್ಜಿ ಜೊತೆ ಡಾಕ್ಟರ್ ಚೀಟಿ, ರಕ್ತಪರೀಕ್ಷೆ ರಿಪೋರ್ಟ್ ಎಲ್ಲ ಲಗತ್ತಿಸಿ ಕೊಟ್ಟ. ರಿಪೋರ್ಟಿನಲ್ಲಿ ಸಿಆರ್‌ಪಿ 3.2, ಪಕ್ಕದಲ್ಲಿ 'ನಾರ್ಮಲ್ 5ರ ಒಳಗೆ' ಅಂತ ಅಚ್ಚಾಗಿತ್ತು. ಟೇಬಲ್ಲಿನ ಆ ಕಡೆ ಕೂತವರು ಅದರ ಮೇಲೆ ಬೆರಳಿಟ್ಟು, "ಎಲ್ಲಾ ನಾರ್ಮಲ್ ಇದೆಯಲ್ಲಪ್ಪಾ, ಇದಕ್ಕೆ ಎಂಥ ಲೀವು?" ಅಂದರು. ಅದೇ ವಾರದ ಕೊಲೊನೋಸ್ಕೋಪಿಯಲ್ಲಿ ಕರುಳಿನ ಎಡಭಾಗ ಪೂರ್ತಿ ಹುಣ್ಣು. ಆ ಕಾಗದವೂ ಫೈಲಿನಲ್ಲೇ ಇತ್ತು, ಎರಡು ಹಾಳೆ ಕೆಳಗೆ. ಯಾರೂ ತಿರುಗಿಸಲಿಲ್ಲ. ಎರಡು ವಿಷಯಗಳಲ್ಲಿ ಅವನು ನಾಟ್ ಎಲಿಜಿಬಲ್ ಆದ. ಬರೀತೀವಿ ಅಂದಾಗ "ಬರೀರಿ ಮಗಾ, ಹೆಸರು ಮಾತ್ರ ಬೇಡ" ಅಂದ.

ಇದು ಅವನೊಬ್ಬನ ಕಥೆ ಅಂದುಕೊಳ್ಳಬೇಡಿ. ಕರುಳಿನ ಉರಿಯೂತದ ಕಾಯಿಲೆಗಳು ಮುಖ್ಯವಾಗಿ ಎರಡು. ಅಲ್ಸರೇಟಿವ್ ಕೊಲೈಟಿಸ್ ಗುದದ್ವಾರದ ಕಡೆಯಿಂದ ಶುರುವಾಗಿ ದೊಡ್ಡಕರುಳಿನಲ್ಲಿ ಮೇಲಕ್ಕೆ ಹಬ್ಬುತ್ತೆ, ಒಳಪದರಕ್ಕಷ್ಟೇ ಸೀಮಿತ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಪೂರಾ ದಪ್ಪಕ್ಕೂ ಇಳಿಯುತ್ತೆ. ಎರಡೂ ಹೆಚ್ಚಾಗಿ ಕಾಣಿಸಿಕೊಳ್ಳೋದು ಹದಿನೈದರಿಂದ ಮೂವತ್ತೈದರ ವಯಸ್ಸಿನಲ್ಲಿ, ಅಂದರೆ ನಮ್ಮ ನಿಮ್ಮ ವಯಸ್ಸಿನಲ್ಲೇ. ಎರಡೂ ಒಂದಷ್ಟು ತಿಂಗಳು ಸುಮ್ಮನಿದ್ದು ಮತ್ತೆ ಕೆರಳುತ್ತವೆ. ಐಬಿಎಸ್ ಅಂತ ಇನ್ನೊಂದಿದೆ, ಹೆಸರು ಒಂದೇ ಥರ ಕೇಳಿಸುತ್ತೆ. ಅದರಲ್ಲಿ ಕರುಳಿನಲ್ಲಿ ಉರಿಯೂತ ಇರಲ್ಲ. ಮೆಸ್ ಊಟ ತಿಂದು ಹೊಟ್ಟೆ ಕೆಟ್ಟಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕಾಯಿಲೆ ಕೆರಳಿದೆಯಾ, ಸುಮ್ಮನಿದೆಯಾ ಅಂತ ಖಚಿತವಾಗಿ ತಿಳಿಯೋಕೆ ಕ್ಯಾಮೆರಾ ಇರುವ ಕೊಳವೆ ಒಳಗೆ ಹಾಕಿ ನೋಡಬೇಕು. ಅದಕ್ಕೆ ಹಿಂದಿನ ದಿನ ಊಟ ಬಿಟ್ಟು, ಲೀಟರ್‌ಗಟ್ಟಲೆ ಭೇದಿ ಔಷಧಿ ಕುಡಿದು, ಕರುಳು ಖಾಲಿ ಮಾಡಿಕೊಳ್ಳಬೇಕು. ಒಂದು ದಿನದ ರಜೆ, ಸಾವಿರಾರು ರೂಪಾಯಿ, ಜೊತೆಗೊಬ್ಬರು. ತಿಂಗಳಿಗೊಮ್ಮೆ ಇದನ್ನು ಮಾಡಿಸೋಕೆ ಆಗುತ್ತಾ? ಆಗಲ್ಲ. ಅದಕ್ಕೇ ರಕ್ತದಲ್ಲಿ ಸಿಗುವ ಸೂಚಕಗಳ ಮೊರೆ ಹೋಗೋದು. ಹಾಗಾಗಿ ರಕ್ತಪರೀಕ್ಷೆಯೇ ಬೇಡ ಅಂತ ನಾವು ಹೇಳ್ತಿಲ್ಲ. ಅದು ಪರೋಕ್ಷ ಅಳತೆ ಅನ್ನೋದನ್ನ ಮರೆಯಬಾರದು ಅಂತಿದ್ದೀವಿ. ಕುಕ್ಕರ್ ಸೀಟಿ ಎಣಿಸಿ ಒಳಗಿನ ಬೇಳೆ ಬೆಂದಿದೆಯಾ ಅಂತ ಊಹಿಸಿದ ಹಾಗೆ. ಸಾಮಾನ್ಯವಾಗಿ ಸರಿಹೋಗುತ್ತೆ, ವಾಷರ್ ಹಳೆಯದಾಗಿದ್ದರೆ ಹೋಗಲ್ಲ.

ಮೊದಲು ಸಿಆರ್‌ಪಿ. ಪೂರ್ತಿ ಹೆಸರು ಸಿ-ರಿಯಾಕ್ಟಿವ್ ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ಇದನ್ನು ಕಂಡದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಆ ಬ್ಯಾಕ್ಟೀರಿಯಾದ 'ಸಿ' ಅಂತ ಹೆಸರಿಟ್ಟಿದ್ದ ಒಂದು ಪದಾರ್ಥದ ಜೊತೆ ಪ್ರತಿಕ್ರಿಯೆ ತೋರಿಸಿತು, ಅದಕ್ಕೇ ಆ ಹೆಸರು. ಕರುಳಿಗೂ ಅದಕ್ಕೂ ಹುಟ್ಟಿನಿಂದ ಏನೂ ನಂಟಿಲ್ಲ ಅನ್ನೋದನ್ನ ಗಮನಿಸಿ. ಅದು ತಯಾರಾಗೋದು ಪಿತ್ತಜನಕಾಂಗದಲ್ಲಿ. ದೇಹದಲ್ಲಿ ಎಲ್ಲೋ ಉರಿಯೂತ ಆದರೆ ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ರಕ್ತದಲ್ಲಿ ಹೋಗುತ್ತೆ, ಪಿತ್ತಜನಕಾಂಗ ಸಿಆರ್‌ಪಿ ಸುರಿಯೋಕೆ ಶುರು ಮಾಡುತ್ತೆ. ಉರಿ ಎಲ್ಲಿ ಬಿದ್ದಿದೆ ಅಂತ ಅದಕ್ಕೆ ಗೊತ್ತಿಲ್ಲ. ಗಂಟಲು ನೋವು, ಹಲ್ಲಿನ ಬಾವು, ಜ್ವರ, ಕರುಳು, ಯಾವುದಾದರೂ ಸರಿ.

ಅದರ ಒಂದು ಗುಣ ಮಾತ್ರ ನಮ್ಮಂಥವರಿಗೆ ಇಷ್ಟವಾಗುವಂಥದ್ದು. ಸಿಆರ್‌ಪಿಯ ಅರ್ಧಾಯುಷ್ಯ ಸುಮಾರು 19 ಗಂಟೆ, ಅದೂ ಆರೋಗ್ಯ ಇದ್ದರೂ ಕಾಯಿಲೆ ಇದ್ದರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ರಕ್ತದಲ್ಲಿನ ಮಟ್ಟ ಪೂರ್ತಿ ಉತ್ಪಾದನೆಯ ಮೇಲೆ ನಿಂತಿದೆ. ಉತ್ಪಾದನೆ ಪೂರ್ತಿ ನಿಂತಿತು ಅಂದುಕೊಳ್ಳಿ: 80 ಇದ್ದದ್ದು 40, 20, 10, 5 ಆಗೋಕೆ ನಾಲ್ಕು ಅರ್ಧಾಯುಷ್ಯ, 76 ಗಂಟೆ. ಮೂರು ದಿನದ ಮೇಲೆ ನಾಲ್ಕು ಗಂಟೆ. ಆರ್‌ಸಿ ಸರ್ಕಿಟ್ ಡಿಸ್ಚಾರ್ಜ್ ಆದ ಹಾಗೇ. ಔಷಧಿ ಕೆಲಸ ಮಾಡ್ತಿದೆಯಾ ಅಂತ ಬೇಗ ತಿಳಿಯೋಕೆ ಇದು ಬಹಳ ಒಳ್ಳೆಯ ಗುಣ. ಆದರೆ ಶುಕ್ರವಾರ ಕೊಟ್ಟ ರಕ್ತ ಸೋಮವಾರದ ಸ್ಥಿತಿಯನ್ನು ಹೇಳಲ್ಲ ಅನ್ನೋದಕ್ಕೂ ಇದೇ ಕಾರಣ.

ಇನ್ನು ಅದರ ದೊಡ್ಡ ದೌರ್ಬಲ್ಯ. ಕ್ರೋನ್ಸ್‌ನಲ್ಲಿ ಕರುಳಿನ ಗೋಡೆಯ ಪೂರಾ ದಪ್ಪ ಉರಿಯೋದರಿಂದ ಸಿಆರ್‌ಪಿ ಸಾಮಾನ್ಯವಾಗಿ ಚೆನ್ನಾಗಿ ಏರುತ್ತೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಉರಿ ಒಳಪದರಕ್ಕೆ ಸೀಮಿತ, ಹಾಗಾಗಿ ಕಾಯಿಲೆ ತೀರಾ ಜೋರಾಗಿಲ್ಲದಿದ್ದರೆ ಸಿಆರ್‌ಪಿ 5ರ ಒಳಗೇ ಉಳಿಯಬಹುದು. ಹುಣ್ಣಿದೆ, ರಕ್ತ ಹೋಗ್ತಿದೆ, ನಂಬರ್ ಮಾತ್ರ ಚೊಕ್ಕ. ಕ್ರೋನ್ಸ್ ಇರುವವರಲ್ಲೂ ಕೆಲವರಿಗೆ ಎಷ್ಟು ಕೆರಳಿದರೂ ಏರೋದಿಲ್ಲ. ವಂಶವಾಹಿಯಲ್ಲೇ ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವಿದೆ. ಆದ್ದರಿಂದ ಒಬ್ಬ ರೋಗಿಗೆ ಸಿಆರ್‌ಪಿ ಉಪಯೋಗವಾ ಇಲ್ಲವಾ ಅಂತ ತಿಳಿಯೋಕೆ ಇರುವ ದಾರಿ ಒಂದೇ. ಹಿಂದೆ ಕಾಯಿಲೆ ಕೆರಳಿದ್ದಾಗ, ಸ್ಕೋಪಿಯಲ್ಲಿ ಹುಣ್ಣು ಕಂಡಿದ್ದಾಗ, ಅವರ ಸಿಆರ್‌ಪಿ ಏರಿತ್ತಾ? ಏರಿತ್ತು ಅಂದರೆ ಮುಂದೆಯೂ ಅದನ್ನು ನಂಬಿ ಹಿಂಬಾಲಿಸಬಹುದು. ಇಲ್ಲ ಅಂದರೆ ಆ ವ್ಯಕ್ತಿಯ ಮಟ್ಟಿಗೆ ಅದು ಕೆಲಸ ಮಾಡದ ಸೆನ್ಸರ್. ನಮ್ಮ ಗೆಳೆಯನ ಹಳೆಯ ರಿಪೋರ್ಟುಗಳನ್ನೆಲ್ಲ ಒಂದು ದಿನ ಕೂತು ಎಕ್ಸೆಲ್‌ಗೆ ಹಾಕಿ ಗ್ರಾಫ್ ಎಳೆದೆವು. ಮೂರು ವರ್ಷ, ಎರಡು ದೊಡ್ಡ ಕೆರಳಿಕೆ. ಸಿಆರ್‌ಪಿ ಒಮ್ಮೆಯೂ 6 ದಾಟಿಲ್ಲ. ಆದರೆ ಪ್ಲೇಟ್‌ಲೆಟ್ ಎರಡೂ ಸಲ ಗುಡ್ಡ ಹತ್ತಿದ ಹಾಗೆ ಹತ್ತಿದೆ, ಹಿಮೋಗ್ಲೋಬಿನ್ ಇಳಿದಿದೆ. ಅವನ ದೇಹ ಮಾತಾಡೋದು ಆ ಭಾಷೆಯಲ್ಲಿ. ಟೇಬಲ್ಲಿನ ಆ ಕಡೆಯವರು ಕೇಳಿದ್ದು ಬೇರೆ ಭಾಷೆಯಲ್ಲಿ.

ಯೂನಿಟ್ ವಿಷಯ ಒಂದು ಹೇಳಿ ಮುಂದೆ ಹೋಗ್ತೀವಿ. ಕೆಲವು ಲ್ಯಾಬು ಸಿಆರ್‌ಪಿಯನ್ನು ಲೀಟರಿಗೆ ಮಿಲಿಗ್ರಾಂ ಅಂತ ಕೊಡ್ತಾವೆ, ಕೆಲವು ಡೆಸಿಲೀಟರಿಗೆ. ಒಂದರಲ್ಲಿ 12, ಇನ್ನೊಂದರಲ್ಲಿ 1.2. ಎರಡೂ ಒಂದೇ. ಯೂನಿಟ್ ಬರೆಯದೆ ಉತ್ತರ ಬರೆದರೆ ಐಎಯಲ್ಲಿ ಅರ್ಧ ಮಾರ್ಕ್ ಕಟ್ ಮಾಡುವ ಕಾಲೇಜಿನಲ್ಲಿ, ಯೂನಿಟ್ ನೋಡದೆ ಮೆಡಿಕಲ್ ರಿಪೋರ್ಟ್ ಓದ್ತಾರೆ ಅನ್ನೋದು ನಮಗೆ ವಿಚಿತ್ರವಾಗಿ ಕಾಣುತ್ತೆ.

ಇಎಸ್‌ಆರ್ ಇನ್ನೂ ಹಳೆಯದು. ಸೋಸದ ರಕ್ತವನ್ನು ಉದ್ದನೆ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪುಕಣಗಳು ಎಷ್ಟು ಮಿಲಿಮೀಟರ್ ಇಳಿದವು ಅಂತ ನೋಡೋದು. ವೆಸ್ಟರ್‌ಗ್ರೆನ್ 1921ರಲ್ಲಿ ಹೇಳಿದ ವಿಧಾನವೇ ಇಂದಿಗೂ ಮಾನದಂಡ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಸ್ಟೋಕ್ಸ್ ನಿಯಮ ನೆನಪಿರಬೇಕು: ದ್ರವದಲ್ಲಿ ಮುಳುಗುವ ಕಣದ ವೇಗ ತ್ರಿಜ್ಯದ ವರ್ಗಕ್ಕೆ ಅನುಗುಣ. ಉರಿಯೂತ ಇದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಹೆಚ್ಚಾಗಿ, ಕೆಂಪುಕಣಗಳು ನಾಣ್ಯ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾತ್ರ ದೊಡ್ಡದಾಯಿತು, ಬೇಗ ಇಳಿದವು, ಇಎಸ್‌ಆರ್ ಏರಿತು. ಲೆಕ್ಕ ಸುಲಭ. ತೊಂದರೆ ಏನಂದರೆ ರಕ್ತಹೀನತೆ ಇದ್ದರೂ ಕಣಗಳು ಕಡಿಮೆಯಿದ್ದು ಬೇಗ ಇಳಿಯುತ್ತವೆ. ವಯಸ್ಸಾದರೆ ಏರುತ್ತೆ, ಹೆಂಗಸರಲ್ಲಿ ಸ್ವಲ್ಪ ಜಾಸ್ತಿಯೇ ಇರುತ್ತೆ. ಫೈಬ್ರಿನೋಜನ್ ನಿಧಾನಕ್ಕೆ ಕರಗೋದರಿಂದ ಕಾಯಿಲೆ ತಣ್ಣಗಾದ ಮೇಲೂ ಇಎಸ್‌ಆರ್ ಸಾವಕಾಶವಾಗಿ ಇಳಿಯುತ್ತೆ. ಸಿಆರ್‌ಪಿ ಬೈಕಿನ ಹಾಗೆ, ಇಎಸ್‌ಆರ್ ಲೋಡ್ ತುಂಬಿದ ಲಾರಿ.

ಹಾಗಂತ ಇಎಸ್‌ಆರ್ ನಿಷ್ಪ್ರಯೋಜಕ ಅಲ್ಲ. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್, ಅಲ್ಸರೇಟಿವ್ ಕೊಲೈಟಿಸ್‌ಗೆ ಕಾರ್ಟಿಸೋನ್ ಕೊಟ್ಟು ಪರೀಕ್ಷಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಕಾಯಿಲೆ ಎಷ್ಟು ತೀವ್ರ ಅಂತ ಅಳೆಯುವ ಪಟ್ಟಿಯೊಂದನ್ನು ಕೊಟ್ಟರು. ಇವತ್ತಿಗೂ ಆಸ್ಪತ್ರೆಗಳಲ್ಲಿ ಅದರ ಬಳಕೆ ಇದೆ. ಇಎಸ್‌ಆರ್ 30 ದಾಟಿರೋದು ಅದರಲ್ಲಿ ಒಂದು ಅಂಶ. ನಾಡಿ 90 ದಾಟಿರೋದು, ಜ್ವರ, ರಕ್ತಹೀನತೆ ಇನ್ನುಳಿದವು. ಆದರೆ ಇವೆಲ್ಲಕ್ಕಿಂತ ಮೊದಲು ಕೇಳೋದು, ದಿನಕ್ಕೆ ಆರು ಅಥವಾ ಹೆಚ್ಚು ಸಲ ಭೇದಿ ಆಗ್ತಿದೆಯಾ, ರಕ್ತ ಹೋಗ್ತಿದೆಯಾ ಅಂತ. ಅಂದರೆ ಎಪ್ಪತ್ತು ವರ್ಷದ ಹಿಂದಿನ ಆ ವೈದ್ಯರೂ ರೋಗಿಯ ಬಾಯಿಂದ ಬಂದ ಮಾತನ್ನು ಲ್ಯಾಬ್ ನಂಬರಿಗಿಂತ ಮುಂದಿಟ್ಟರು. ನಮ್ಮ ಕಚೇರಿಗಳಲ್ಲಿ ಇದು ತಲೆಕೆಳಗು.

ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಅಲ್ಬುಮಿನ್ ಬಗ್ಗೆ ಚಿಕ್ಕದಾಗಿ. ಕಾಯಿಲೆ ಕೆರಳಿದಾಗ ಪ್ಲೇಟ್‌ಲೆಟ್ ಏರಬಹುದು, ಅಲ್ಬುಮಿನ್ ಇಳಿಯಬಹುದು. ಅಲ್ಬುಮಿನ್ ಅರ್ಧಾಯುಷ್ಯ ಸುಮಾರು ಇಪ್ಪತ್ತು ದಿನ, ಹಾಗಾಗಿ ಅದು ಹೇಳೋದು ಹಳೆಯ ಸುದ್ದಿ. ಹಿಮೋಗ್ಲೋಬಿನ್ ರಕ್ತ ಹೋದದ್ದರ ಲೆಕ್ಕ. ಇಲ್ಲಿ ಫೆರಿಟಿನ್ ಎಂಬ ಕಬ್ಬಿಣದ ಅಂಶದ ಅಳತೆ ಮೋಸ ಮಾಡುತ್ತೆ. ಉರಿಯೂತ ಇಲ್ಲದವರಲ್ಲಿ ಅದು 30ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಸಾಲದು ಅಂತ. ಉರಿಯೂತ ಇದ್ದಾಗ ಫೆರಿಟಿನ್ ತಾನೇ ಏರೋದರಿಂದ 100ರವರೆಗೂ ಇದ್ದು ಕಬ್ಬಿಣದ ಕೊರತೆ ಇರಬಹುದು. ರಿಪೋರ್ಟಿನಲ್ಲಿ ನಾರ್ಮಲ್ ಅಂತಲೇ ಬರುತ್ತೆ, ಹುಡುಗಿಗೆ ಮೆಟ್ಟಿಲು ಹತ್ತಿದರೆ ಏದುಸಿರು.

ಒಂದೇ ನಂಬರು ಸಂದರ್ಭ ನೋಡಿಕೊಂಡು ಬೇರೆ ಬೇರೆ ಅರ್ಥ ಕೊಡುತ್ತೆ ಅನ್ನೋದು ಮರಳವಾಡಿ, ಕನಕಪುರ, ರಾಮನಗರ ಕಡೆಯ ರೇಷ್ಮೆ ಮನೆಗಳಲ್ಲಿ ಬೆಳೆದವರಿಗೆ ಹೊಸದಲ್ಲ. ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಅಲುಗಾಡದೆ ಕೂತರೆ 'ಜ್ವರಕ್ಕೆ ಕೂತಿದೆ' ಅಂತಾರೆ. ಅದು ಕಾಯಿಲೆ ಅಲ್ಲ, ಪೊರೆ ಬಿಡುವ ಹೊತ್ತು. ನಾಲ್ಕು ಜ್ವರ ಎದ್ದ ಮೇಲೇ ಹುಳು ಹಣ್ಣಾಗೋದು. ಆದರೆ ನಾಲ್ಕನೇ ಜ್ವರ ದಾಟಿ ಗಬಗಬ ಸೊಪ್ಪು ತಿನ್ನಬೇಕಾದ ಹುಳು ಅದೇ ಥರ ಸುಮ್ಮನೆ ಕೂತರೆ ಮನೆಯವರ ಎದೆ ಧಸಕ್ ಅನ್ನುತ್ತೆ: ಸಪ್ಪೆ ರೋಗವೋ, ಹಾಲುತೊಂಡೆಯೋ. ನೋಡೋಕೆ ಲಕ್ಷಣ ಒಂದೇ, ಯಾವ ದಿನ ಅನ್ನೋದರ ಮೇಲೆ ಅರ್ಥ.

ರೇಷ್ಮೆಯಿಂದಲೇ ಇನ್ನೊಂದು ಪಾಠ ಇದೆ, ಇದು ನಮಗೆ ಹೆಚ್ಚು ಮುಖ್ಯ. ಗಂಟುರೋಗ ಫ್ರಾನ್ಸಿನ ರೇಷ್ಮೆಯನ್ನು ನಾಶ ಮಾಡ್ತಿದ್ದಾಗ, 1865ರಿಂದ ಲೂಯಿ ಪಾಶ್ಚರ್ ಅದರ ಹಿಂದೆ ಬಿದ್ದ. ಹುಳುಗಳನ್ನು ನೋಡಿ ಕಂಡುಹಿಡಿಯುವ ಹೊತ್ತಿಗೆ ಬೆಳೆ ಕೈ ತಪ್ಪಿರುತ್ತಿತ್ತು. ಅವನು ಗಟ್ಟಿ ಮಾಡಿದ ದಾರಿ ಏನಂದರೆ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡೋದು. ರೋಗದ ಕಣ ಕಂಡರೆ ಆ ಮೊಟ್ಟೆಯನ್ನು ಸುಡೋದು. ಇವತ್ತು ರೈತರು ತರುವ 'ರೋಗರಹಿತ ಮೊಟ್ಟೆ'ಯ ಹಿಂದೆ ಇರೋದು ಅದೇ ತಾಯಿಚಿಟ್ಟೆ ಪರೀಕ್ಷೆ. ಎಲ್ಲಿ ಅಳೆದರೆ ನಿಜ ಸಿಗುತ್ತೋ ಅಲ್ಲಿ ಅಳೆದ, ಸುಲಭವಾಗಿ ಕೈಗೆ ಸಿಕ್ಕಿದ್ದನ್ನಲ್ಲ.

ಕರುಳಿನ ಕಾಯಿಲೆಯಲ್ಲೂ ಹಾಗೇ ಆಯಿತು. ಕರುಳಿನ ಸುದ್ದಿಯನ್ನು ದೂರದ ರಕ್ತದಲ್ಲಿ ಹುಡುಕುವ ಬದಲು ಕರುಳಿನಿಂದಲೇ ಹೊರಬರುವ ಮಲದಲ್ಲಿ ಯಾಕೆ ನೋಡಬಾರದು? ಉರಿಯೂತ ಆದ ಜಾಗಕ್ಕೆ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ನುಗ್ಗುತ್ತವೆ, ಅವುಗಳ ಹೊಟ್ಟೆ ತುಂಬ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್. ನಾರ್ವೆಯ ಮಾಗ್ನೆ ಫಾಗರ್‌ಹೋಲ್ ಮತ್ತು ಜೊತೆಗಾರರು 1980ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು, 1992ರಲ್ಲಿ ಮಲದಲ್ಲಿ ಅಳೆಯುವ ವಿಧಾನ ಬಂತು. ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಕರುಳು ಶಾಂತವಾಗಿರುವ ಸಾಧ್ಯತೆ ಬಹಳ. 250 ದಾಟಿದರೆ ಉರಿಯುತ್ತಿರುವ ಸಾಧ್ಯತೆ ಬಹಳ. ನಡುವಿನದು ಅನುಮಾನದ ಪ್ರದೇಶ, ಮತ್ತೊಮ್ಮೆ ನೋಡಬೇಕು. ಇದೂ ದೋಷವಿಲ್ಲದ್ದಲ್ಲ. ಕರುಳಿಗೆ ಸೋಂಕಾದರೂ ಏರುತ್ತೆ. ಸೊಂಟನೋವಿಗೆ ನುಂಗುವ ಬ್ರೂಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆಗಳೂ ಏರಿಸುತ್ತವೆ. ಅಲ್ಲದೆ ಈ ಕಾಯಿಲೆ ಇರುವವರು ಆ ಮಾತ್ರೆಗಳನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳಲೇಬಾರದು, ಕಾಯಿಲೆಯನ್ನೇ ಕೆರಳಿಸಬಹುದು. ಆದರೂ ಅಲ್ಸರೇಟಿವ್ ಕೊಲೈಟಿಸ್ ಇರುವ ಒಬ್ಬನ ವಿಷಯದಲ್ಲಿ ಸಿಆರ್‌ಪಿಗಿಂತ ಇದರ ಮಾತಿಗೆ ತೂಕ ಜಾಸ್ತಿ.

ರಕ್ತ, ಮಲ ಎರಡನ್ನೂ ಕ್ರಮವಾಗಿ ನೋಡುತ್ತಾ ಔಷಧಿ ಹೊಂದಿಸಿದರೆ ನಿಜವಾಗಿ ಲಾಭ ಇದೆಯಾ? ಇದೆ. 2017ರಲ್ಲಿ ಪ್ರಕಟವಾದ ಕಾಮ್ ಎಂಬ ಅಧ್ಯಯನ ಕ್ರೋನ್ಸ್ ಇರುವ 244 ಜನರನ್ನು ಎರಡು ಸಮ ಗುಂಪು ಮಾಡಿತು. ಒಂದು ಗುಂಪಿಗೆ ಮುಖ್ಯವಾಗಿ ಲಕ್ಷಣ ನೋಡಿ ಔಷಧಿ ಏರಿಸಿದರು. ಇನ್ನೊಂದಕ್ಕೆ ಲಕ್ಷಣದ ಜೊತೆ ಸಿಆರ್‌ಪಿ 5, ಕ್ಯಾಲ್‌ಪ್ರೊಟೆಕ್ಟಿನ್ 250 ಮುಟ್ಟಿದೆಯಾ ಅಂತಲೂ ನೋಡಿ ಏರಿಸಿದರು. 48 ವಾರದ ಕೊನೆಗೆ ಕರುಳು ವಾಸಿಯಾಗಿದ್ದದ್ದು ಮೊದಲ ಗುಂಪಿನಲ್ಲಿ ಶೇ. 30, ಎರಡನೆಯದರಲ್ಲಿ ಶೇ. 46. ಇದು ಸಣ್ಣ ವ್ಯತ್ಯಾಸವಲ್ಲ. ನಂಬರುಗಳನ್ನು ನಾವು ಯಾಕೆ ಬಿಡೋಕೆ ತಯಾರಿಲ್ಲ ಅನ್ನೋದಕ್ಕೆ ಇದೇ ಉತ್ತರ. ಆದರೆ ಅಲ್ಲಿ ನಂಬರು ಕೆಲಸ ಮಾಡಿದ್ದು ಚಿಕಿತ್ಸೆ ಹೆಚ್ಚಿಸೋಕೆ, ಯಾರನ್ನೋ ಸುಳ್ಳುಗಾರ ಅನ್ನೋಕೆ ಅಲ್ಲ. 2021ರಲ್ಲಿ ತಜ್ಞರು ಒಪ್ಪಿದ ಸ್ಟ್ರೈಡ್-2 ಎಂಬ ಗುರಿಪಟ್ಟಿಯಲ್ಲೂ ಮೊದಲು ಲಕ್ಷಣ ಕಡಿಮೆಯಾಗಬೇಕು, ನಂತರ ಸಿಆರ್‌ಪಿ ನಾರ್ಮಲ್ ಆಗಿ ಕ್ಯಾಲ್‌ಪ್ರೊಟೆಕ್ಟಿನ್ ಇಳಿಯಬೇಕು, ಕೊನೆಗೆ ಸ್ಕೋಪಿಯಲ್ಲಿ ಹುಣ್ಣು ಮಾಯಬೇಕು. ಸಿಆರ್‌ಪಿ ನಾರ್ಮಲ್ ಅನ್ನೋದು ನಡುವಿನ ಸ್ಟಾಪು. ಅಲ್ಲಿ ಇಳಿದು ಊರು ಸೇರಿದೆ ಅಂದರೆ ಹೇಗೆ?

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯ. ಅದು ಸಣ್ಣಕರುಳು ದೊಡ್ಡಕರುಳು ಸೇರುವ ಜಾಗದಲ್ಲೇ ಹೆಚ್ಚಾಗಿ ಬರುತ್ತೆ, ಕ್ರೋನ್ಸ್ ಕೂಡ ಅಲ್ಲೇ ಹೆಚ್ಚು. ಎರಡರಲ್ಲೂ ಸಿಆರ್‌ಪಿ, ಇಎಸ್‌ಆರ್ ಏರುತ್ತವೆ. ಉರಿಯುತ್ತಿದೆ ಅಂತ ರಕ್ತ ಹೇಳುತ್ತೆ, ಹಚ್ಚಿದ್ದು ಯಾರು ಅಂತ ಹೇಳಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಟ್ಟುಬಿಟ್ಟರೆ ಕ್ಷಯ ಹಬ್ಬುತ್ತೆ. ಇಂಥ ಕಡೆ ಬಯಾಪ್ಸಿ, ಸ್ಕ್ಯಾನು, ವೈದ್ಯರ ಅನುಭವ ಎಲ್ಲ ಬೇಕು, ಕೆಲವೊಮ್ಮೆ ಮೊದಲು ಕ್ಷಯದ ಔಷಧಿ ಕೊಟ್ಟು ಕಾದು ನೋಡ್ತಾರೆ.

ಇಷ್ಟು ಓದಿದ ಮೇಲೆ ಕೆಲವರ ತಲೆಯಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಓಡ್ತಿರುತ್ತೆ ಅಂತ ನಮಗೆ ಗೊತ್ತು: "ಎಲ್ಲ ಮಾರ್ಕರ್ ಸೇರಿಸಿ ಒಂದು ಮಾಡೆಲ್ ಮಾಡಿಬಿಡೋಣ". ಆಗಲೇ ಮಾಡಿದ್ದಾರೆ. ಕ್ರೋನ್ಸ್‌ಗೆ ರಕ್ತದ 13 ಪ್ರೋಟೀನುಗಳನ್ನು ಸೇರಿಸಿ 0ಯಿಂದ 100ರವರೆಗೆ ಒಂದೇ ಅಂಕ ಕೊಡುವ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. 20ರ ಒಳಗಿದ್ದರೆ ಹುಣ್ಣು ಇರುವ ಸಾಧ್ಯತೆ ಕಡಿಮೆ, 50 ದಾಟಿದರೆ ಹೆಚ್ಚು. ಜಪಾನಿನಲ್ಲಿ ಎಲ್‌ಆರ್‌ಜಿ ಎಂಬ ಇನ್ನೊಂದು ರಕ್ತಸೂಚಕ ಬಳಕೆಗೆ ಬಂದಿದೆ. ಮಾಡಿ, ನಾವೂ ಚಪ್ಪಾಳೆ ತಟ್ತೀವಿ. ಆದರೆ ಬೇರೆ ದೇಶದ ರೋಗಿಗಳ ಡೇಟಾದಲ್ಲಿ ಕಲಿತ ಮಾಡೆಲನ್ನು, ಕ್ಷಯವೂ ರಕ್ತಹೀನತೆಯೂ ಸಾಮಾನ್ಯವಾಗಿರುವ ಕನಕಪುರದ ರೋಗಿಯ ಮೇಲೆ ಹಾಗೇ ಹಾಕುವ ಮುಂಚೆ ಒಂದು ಸಲ ಯೋಚಿಸಿ.

ಹಾಗೇ ಕ್ಯಾಂಪಸ್ಸಿಗೆ ಬರುವ 'ಫುಲ್ ಬಾಡಿ ಚೆಕಪ್' ಆಫರುಗಳ ಬಗ್ಗೆ. ಪಂಜಾಬಿನ ಅಧ್ಯಯನವೊಂದು, 2003ರಲ್ಲಿ ಪ್ರಕಟವಾದದ್ದು, 51,910 ಜನರನ್ನು ವಿಚಾರಿಸಿ ಅಲ್ಸರೇಟಿವ್ ಕೊಲೈಟಿಸ್ ಇರುವ 23 ಜನರನ್ನು ಕಂಡುಹಿಡಿಯಿತು. ಲಕ್ಷಕ್ಕೆ ಸುಮಾರು 44. ಅದೇ ಪ್ರಮಾಣ ಹಿಡಿದರೆ 5,000 ವಿದ್ಯಾರ್ಥಿಗಳ ಕ್ಯಾಂಪಸ್ಸಿನಲ್ಲಿ ಇಬ್ಬರು. ಆರೋಗ್ಯವಂತರಲ್ಲಿ ಶೇ. 90 ಜನರಿಗೆ ಸರಿಯಾಗಿ 'ಇಲ್ಲ' ಅನ್ನುವ ಪರೀಕ್ಷೆಯೊಂದು ಇದೆ ಅಂತ ಸುಮ್ಮನೆ ಇಟ್ಟುಕೊಳ್ಳಿ. ಎಲ್ಲರಿಗೂ ಮಾಡಿದರೆ ಆ ಇಬ್ಬರಿಗಾಗಿ ಸುಮಾರು 500 ಜನರನ್ನು ಹೆದರಿಸಿದ ಹಾಗಾಯಿತು. ಲಕ್ಷಣ ಇರುವವರಿಗೆ ಪರೀಕ್ಷೆ, ಲಕ್ಷಣ ಇಲ್ಲದವರಿಗೆ ಸುಮ್ಮನಿರೋದು. ಲಕ್ಷಣ ಅಂದರೆ ಮಲದಲ್ಲಿ ರಕ್ತ, ವಾರಗಟ್ಟಲೆ ಬಿಡದ ಭೇದಿ, ಭೇದಿಗಾಗಿ ರಾತ್ರಿ ನಿದ್ದೆಯಿಂದ ಏಳೋದು, ಕಾರಣವಿಲ್ಲದೆ ತೂಕ ಇಳಿಯೋದು. ನಾಚಿಕೊಂಡು ಕೂರಬೇಡಿ, ಪೈಲ್ಸ್ ಇರಬೇಕು ಅಂತ ನೀವೇ ತೀರ್ಮಾನಿಸಬೇಡಿ. ಔಷಧಿ ತಗೊಳ್ಳುತ್ತಿರುವವರು ರಿಪೋರ್ಟ್ ನಾರ್ಮಲ್ ಬಂತು ಅಂತ ಮಾತ್ರೆ ನಿಲ್ಲಿಸಬೇಡಿ.

ಮತ್ತೆ ಮರಳವಾಡಿಗೆ. ಕೇಂದ್ರದ ಉಚಿತ ಪರೀಕ್ಷಾ ಯೋಜನೆಯ ಪಟ್ಟಿ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 63 ಬಗೆಯ ಪರೀಕ್ಷೆ ಸಿಗಬೇಕು, ಜಿಲ್ಲಾ ಆಸ್ಪತ್ರೆಯಲ್ಲಿ 134. ರಕ್ತಕಣಗಳ ಎಣಿಕೆ, ಇಎಸ್‌ಆರ್ ಹೋಬಳಿ ಮಟ್ಟದಲ್ಲೇ ಆಗುವಂಥವು. ಕ್ಯಾಲ್‌ಪ್ರೊಟೆಕ್ಟಿನ್ ದೊಡ್ಡ ಲ್ಯಾಬಿನ ಮಾತು, ಖರ್ಚೂ ಸಾವಿರದ ಲೆಕ್ಕದಲ್ಲಿ. ಕರುಳಿನ ತಜ್ಞರಿಗಾಗಿ ಬೆಂಗಳೂರಿಗೇ ಬರಬೇಕು. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟೆರಾಲಜಿ ಸಂಸ್ಥೆ ಇದೆ. ಬಸ್ಸು ಹಿಡಿದು ಹೋಗಿ, ಸರತಿಯಲ್ಲಿ ನಿಂತು, ತೋರಿಸಿ ವಾಪಸ್ ಬರೋದು ಒಂದಿಡೀ ದಿನದ ಕೆಲಸ, ದಾರಿಯಲ್ಲಿ ಎಲ್ಲಿ ಶೌಚಾಲಯ ಇದೆ ಅಂತ ಲೆಕ್ಕ ಹಾಕುತ್ತಾ. ಊರಿನಲ್ಲೇ ರಕ್ತ ಕೊಟ್ಟು ಬೆಂಗಳೂರಿಗೆ ಕಳಿಸುವವರಿಗೆ ಒಂದು ಉಪಯುಕ್ತ ಮಾತು: ಸಿಆರ್‌ಪಿ ಆ ಪ್ರಯಾಣ ತಡೆದುಕೊಳ್ಳುತ್ತೆ, ಇಎಸ್‌ಆರ್ ತಡೆಯಲ್ಲ. ಹೊರಗಿನ ಬಿಸಿಯಲ್ಲಿಟ್ಟ ರಕ್ತದ ಇಎಸ್‌ಆರ್ ಅನ್ನು ನಾಲ್ಕು ಗಂಟೆಯೊಳಗೆ ನೋಡಿಬಿಡಬೇಕು. ಇನ್ನೊಂದು, ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಹಳೆಯ ರಿಪೋರ್ಟ್ ಎಸೆಯಬೇಡಿ. ಕ್ಯಾಲ್‌ಪ್ರೊಟೆಕ್ಟಿನ್ ವಿಷಯದಲ್ಲಂತೂ ಕಿಟ್ ಬದಲಾದರೆ ನಂಬರೂ ಬದಲಾಗುತ್ತೆ. ಅಜಾಥಯೋಪ್ರಿನ್ ಥರದ ಮಾತ್ರೆ ನುಂಗುವವರಿಗೆ ಪದೇ ಪದೇ ರಕ್ತ ತೆಗೆಸೋದು ಕಾಯಿಲೆ ನೋಡೋಕಲ್ಲ, ಬಿಳಿಕಣ ಇಳಿದು ಅಪಾಯ ಆಗದಿರಲಿ ಅಂತ. ಆ ರಿಪೋರ್ಟನ್ನು ಕಾಯಿಲೆಯ ಪ್ರೂಫ್ ಅಂತ ಕೇಳುವುದರಲ್ಲಿ ಅರ್ಥವೇ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಈ ಕಾಯಿಲೆ ಇಲ್ಲ. ಹಾಗಾಗಿ ಎಲ್ಲವೂ ಆಯಾ ಕಾಲೇಜಿನ ವಿವೇಚನೆಗೆ ಬಿಟ್ಟದ್ದು. ವಿವೇಚನೆ ಅಂದಮೇಲೆ ಅದನ್ನು ಬಳಸಬೇಕು. ನಾವು ಕೇಳ್ತಿರೋದು ದೊಡ್ಡದೇನಲ್ಲ. ದೀರ್ಘಕಾಲದ ಕಾಯಿಲೆ ಇರುವ ವಿದ್ಯಾರ್ಥಿಗೆ ಚಿಕಿತ್ಸೆ ಕೊಡುತ್ತಿರುವ ತಜ್ಞರ ಪತ್ರವೇ ಸಾಕು ಅಂತ ಬರೆದುಕೊಳ್ಳಿ. ಲ್ಯಾಬ್ ರಿಪೋರ್ಟ್ ಕೇಳಲೇಬೇಕು ಅಂದರೆ ಅದನ್ನು ಓದುವ ಕೆಲಸ ಕಾಲೇಜಿನ ವೈದ್ಯರಿಗೆ ಕೊಡಿ, ಕಚೇರಿಗೆ ಬೇಡ. ಪ್ರತಿ ಸೆಮಿಸ್ಟರಿಗೂ ಹೊಸದಾಗಿ ಸಾಬೀತು ಮಾಡು ಅನ್ನಬೇಡಿ, ಈ ಕಾಯಿಲೆ ಸೆಮಿಸ್ಟರ್ ರಜೆಯಲ್ಲಿ ವಾಸಿಯಾಗಿ ಹೋಗಲ್ಲ. ಇಂಟರ್ನಲ್ಸ್ ದಿನ ಬಾಗಿಲ ಹತ್ತಿರದ ಬೆಂಚು, ಕೇಳಿದಾಗ ಹೊರಗೆ ಹೋಗುವ ಅನುಮತಿ, ಹಾಸ್ಟೆಲಿನಲ್ಲಿ ಶೌಚಾಲಯದ ಪಕ್ಕದ ರೂಮು.

ಇದನ್ನೆಲ್ಲ ಒಂದು ಪುಟದ ಅರ್ಜಿಯಾಗಿ ಬರೆದು ಸಂಘದ ಕೋಣೆಯಲ್ಲಿ ಇಟ್ಟಿದ್ದೇವೆ. ಯಾರ ಹೆಸರೂ, ಯಾರ ರಿಪೋರ್ಟೂ ಅದರಲ್ಲಿ ಇಲ್ಲ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ. ಒಪ್ಪಿಗೆ ಇಲ್ಲದವರು ಯಾಕೆ ಅಂತ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ಪ್ರಿನ್ಸಿಪಾಲರ ಬಳಿ ಹೋಗೋದು ಮೂರನೇ ಇಂಟರ್ನಲ್ಸ್‌ಗೆ ಮುಂಚೆ, ಯಾಕಂದರೆ ಹಾಜರಿಯ ಪಟ್ಟಿ ಅಂಟಿಸೋದು ಅದಾದ ಮೇಲೆ.